ಮಲ್ಲಿಗೆಯ ತೋಟ, ಮನೆಯ ಲೆಕ್ಕ

ಮಳೆಗಾಲ ಹಿಂದೆ ಸರಿದು ಬಿಸಿಲು ಗಟ್ಟಿಯಾಗತೊಡಗಿದಂತೆ ನಮ್ಮ ಕರಾವಳಿಯ ಮಲ್ಲಿಗೆ ತೋಟಗಳಲ್ಲಿ ಗೆಲ್ಲು ಸವರುವ ಕೆಲಸ ಆರಂಭವಾಗುತ್ತದೆ. ಉಡುಪಿ ಜಿಲ್ಲೆಯ ಶಂಕರಪುರ, ಶಿರ್ವ, ಬೆಳ್ಳೆ, ಇನ್ನಂಜೆ, ಬಂಟಕಲ್ಲು ಮುಂತಾದ ಊರುಗಳ ಎಷ್ಟೋ ಮನೆಗಳಿಗೆ ಬರಲಿರುವ ಬೇಸಿಗೆಯ ಹೂವು ನಿಶ್ಚಯವಾಗುವುದು ಈ ದಿನಗಳಲ್ಲಿಯೇ. ಮಲ್ಲಿಗೆಯನ್ನು ನಂಬಿ ಬದುಕು ಕಟ್ಟಿಕೊಂಡ ಕುಟುಂಬಗಳಲ್ಲಿ ಕಥೋಲಿಕ ಕುಟುಂಬಗಳು ಗಣನೀಯವಾಗಿವೆ. ಮಕ್ಕಳ ಶಾಲಾ ಶುಲ್ಕ, ಹಿರಿಯರ ಔಷಧ, ಮನೆಯ ಮಾಡು, ಹೆಣ್ಣುಮಕ್ಕಳ ಮದುವೆ ಇವೆಲ್ಲವನ್ನೂ ಕೆಲವೇ ಸೆಂಟ್ಸ್ ಜಾಗದ ಹೂವು ನಡೆಸಿಕೊಟ್ಟಿದೆ. ಇಷ್ಟು ಕೊಟ್ಟ ತೋಟಕ್ಕೆ ಮನೆಯೊಳಗೆ ಯಾವ ಸ್ಥಾನವಿದೆ, ಅದನ್ನು ಸಾಕಿದವರಿಗೆ ಯಾವ ಸ್ಥಾನವಿದೆ ಎಂಬ ಪ್ರಶ್ನೆಯನ್ನು ಈ ವಾರ ವಾಚಕರ ಮುಂದಿಡಬೇಕಾಗಿದೆ.

ಮಲ್ಲಿಗೆಯ ವ್ಯಾಪಾರಕ್ಕೆ ತನ್ನದೇ ಆದ ಮಾಪನವಿದೆ. 800 ಹೂವುಗಳನ್ನು ಬಾಳೆಯ ನಾರಿನಲ್ಲಿ ಕಟ್ಟಿದರೆ ಒಂದು ಚೆಂಡು. ನಾಲ್ಕು ಚೆಂಡು ಕೂಡಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಯಲ್ಲಿ 3200 ಹೂವುಗಳು. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆಗಳೊಡನೆ ಉಡುಪಿ ಮಲ್ಲಿಗೆಗೂ ಭೌಗೋಳಿಕ ಸೂಚಿಕೆಯ ಕಾನೂನು ಮಾನ್ಯತೆ ದೊರೆತಿದೆ. ಬೆಳಗ್ಗೆ ನಮ್ಮ ಅಂಗಳದಲ್ಲಿ ಕೊಯ್ದ ಮೊಗ್ಗು ಸಂಜೆಯ ಹೊತ್ತಿಗೆ ಮಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಅರಳುತ್ತದೆ. ಅದು ದೇವಸ್ಥಾನದ ಗರ್ಭಗುಡಿಗೆ ಹೋಗುತ್ತದೆ, ನಾಗಾರಾಧನೆಗೆ, ಭೂತದ ಕೋಲಕ್ಕೆ ಹೋಗುತ್ತದೆ, ಮುಸ್ಲಿಂ ಮದುಮಗಳ ಮುಡಿಗೂ ಕ್ರೈಸ್ತ ಮದುಮಗಳ ಮುಡಿಗೂ ಏರುತ್ತದೆ. ಒಂದು ಧರ್ಮದವರು ನೀರೆರೆದು ಬೆಳೆಸಿದ್ದನ್ನು ಇನ್ನೊಂದು ಧರ್ಮದವರು ತಮ್ಮ ಪೂಜೆಗೆ ಯೋಗ್ಯವೆಂದು ಸ್ವೀಕರಿಸುವ ಈ ವಾಡಿಕೆಯನ್ನು ಯಾವ ಸಭೆಯ ನಿರ್ಣಯವೂ ಸ್ಥಾಪಿಸಿದ್ದಲ್ಲ. ನೆರೆಹೊರೆಯ ನಂಬಿಕೆಯೇ ಅದರ ಆಧಾರ. ಒಳ್ಳೆಯ ಹೂವು ಕೊಡುವುದು ನಮ್ಮ ಪಾಲಿಗೆ ವ್ಯಾಪಾರದ ಪ್ರಾಮಾಣಿಕತೆಯೂ ಹೌದು, ನೆರೆಯವರ ನಂಬಿಕೆಗೆ ಸಲ್ಲಿಸುವ ಗೌರವವೂ ಹೌದು. 800ರ ಚೆಂಡಿನಲ್ಲಿ 800 ಹೂವೇ ಇರಬೇಕು ಎಂಬ ನಿಯಮದಲ್ಲಿ ಈ ಎರಡೂ ಅಡಗಿವೆ.

ಇಂದು ಎಲ್ಲರ ಬಾಯಲ್ಲಿರುವ 'ಎಕನಾಮಿಕ್ಸ್' ಎಂಬ ಪದದ ಮೂಲ ಗ್ರೀಕ್ ಭಾಷೆಯ 'ಓಯಿಕೋನೋಮಿಯಾ'. ಓಯಿಕೋಸ್ ಎಂದರೆ ಮನೆ. ಅದರ ಕ್ರಮಬದ್ಧ ನಿರ್ವಹಣೆಯೇ ಓಯಿಕೋನೋಮಿಯಾ. ನಮ್ಮ ಹಿರಿಯರು ಇದನ್ನೇ ಮನೆವಾರ್ತೆ ಎಂದು ಕರೆದರು. ತತ್ತ್ವಜ್ಞಾನಿ ಅರಿಸ್ಟಾಟಲನು ತನ್ನ ರಾಜನೀತಿಯ ಗ್ರಂಥದಲ್ಲಿ ಮನೆವಾರ್ತೆಯನ್ನೂ ಹಣ ಕೂಡಿಸುವ ಕಲೆಯನ್ನೂ ಬೇರೆಬೇರೆಯಾಗಿ ನೋಡುತ್ತಾನೆ. ಮನೆವಾರ್ತೆಗೆ ಒಂದು ಗುರಿಯಿದೆ, ಆದುದರಿಂದ ಒಂದು ಮಿತಿಯೂ ಇದೆ: ಮನೆಯವರು ಚೆನ್ನಾಗಿ ಬದುಕುವುದೇ ಆ ಗುರಿ. ಹಣಕ್ಕಾಗಿಯೇ ಹಣ ಕೂಡಿಸುವುದಕ್ಕೆ ಅಂತಹ ಮಿತಿಯಿಲ್ಲ. ಕುಟುಂಬದ ತೋಟವನ್ನು ವ್ಯವಹಾರವಾಗಿ ನಡೆಸುವವರು ಈ ಭೇದವನ್ನು ನೆನಪಿನಲ್ಲಿಡಬೇಕು. ತೋಟವು ಮನೆಗಾಗಿ ಇದೆ. ತೋಟಕ್ಕಾಗಿ ಮನೆಯವರಲ್ಲಿ ಒಬ್ಬರು ಸವೆದುಹೋಗುತ್ತಿದ್ದರೆ, ಬಂದ ಹಣ ಎಷ್ಟೇ ಇರಲಿ, ಅಲ್ಲಿ ಮನೆವಾರ್ತೆ ಕೆಟ್ಟಿದೆ ಎಂದೇ ಅರ್ಥ.

ಮೊದಲು ತೋಟದ ಕ್ರಮವನ್ನು ನೋಡೋಣ. ಮಲ್ಲಿಗೆ ಗಿಡವು ಋತುಗಳಿಗೆ ವಿಧೇಯವಾದುದು. ಕಾರ್ತೆಲ್, ಆಟಿ ತಿಂಗಳುಗಳ ಮಳೆ ಅದಕ್ಕೆ ಪರೀಕ್ಷೆಯ ಕಾಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ನೆಲದಲ್ಲಿ ಗಿಡದ ಶತ್ರು ನೀರಿನ ಕೊರತೆಯಲ್ಲ, ಬುಡದಲ್ಲಿ ನಿಂತ ನೀರು. ಬೇರು ಕೊಳೆತ ಗಿಡ ಮೇಲ್ನೋಟಕ್ಕೆ ಕೆಲವು ದಿನ ಹಸಿರಾಗಿಯೇ ಇರುತ್ತದೆ. ಸೊರಗು ಕಣ್ಣಿಗೆ ಬೀಳುವಾಗ ಔಷಧದ ಕಾಲ ಮೀರಿರುತ್ತದೆ. ಆದುದರಿಂದ ಮೊದಲ ಮಳೆಗೆ ಮುನ್ನವೇ ಬುಡಕ್ಕೆ ಮಣ್ಣು ಏರಿಸಿ, ಸಾಲುಗಳ ನಡುವೆ ನೀರು ಹರಿದುಹೋಗುವ ಕಣಿ ತೆಗೆಯುವುದು ಅವಶ್ಯ. ಎಲೆಚುಕ್ಕೆ ರೋಗಕ್ಕೆ ಅಡಿಕೆ ಬೆಳೆಗಾರರೆಲ್ಲ ಬಲ್ಲ ಶೇಕಡಾ 1ರ ಬೋರ್ಡೋ ದ್ರಾವಣವೇ ಉಪಯುಕ್ತ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಉದುರಿದ ರೋಗದ ಎಲೆಗಳನ್ನು ಗುಡಿಸಿ ತೋಟದಿಂದ ಹೊರಗೆ ಹಾಕುವುದು ಔಷಧದಷ್ಟೇ ಮುಖ್ಯ. ಹೊಸ ಗಿಡ ನೆಡುವುದಕ್ಕೂ ಮಳೆಯ ದಿನಗಳೇ ಅನುಕೂಲ. ಮಲ್ಲಿಗೆಯನ್ನು ನಾವು ಬೀಜದಿಂದ ಬೆಳೆಸುವುದಿಲ್ಲ. ಬಲಿತ ಗೆಲ್ಲಿನ ತುಂಡನ್ನು ಬೇರೂರಿಸಿ ಬೆಳೆಸುತ್ತೇವೆ. ಇಂದು ನಮ್ಮ ಅಂಗಳದಲ್ಲಿರುವ ಪ್ರತಿಯೊಂದು ಗಿಡವೂ ಯಾವುದೋ ನೆರೆಮನೆಯ, ತವರುಮನೆಯ, ಬಂಧುವಿನ ಮನೆಯ ಗಿಡದ ಮುಂದುವರಿಕೆ.

ಮಳೆ ನಿಂತ ಮೇಲೆ ಸವರುವ ಕಾಲ. ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆಯ ಗೆಲ್ಲುಗಳನ್ನು ಹಾಗೆಯೇ ಬಿಟ್ಟರೆ ಗಿಡ ದೊಡ್ಡದಾಗಿ ಕಾಣುತ್ತದೆ, ಹೂವು ಕಡಿಮೆಯಾಗುತ್ತದೆ. ಒಣಗಿದ, ರೋಗ ತಗಲಿದ, ಒಳಮುಖವಾಗಿ ಬೆಳೆದ ಗೆಲ್ಲುಗಳನ್ನು ತೆಗೆದು, ಉಳಿದವನ್ನು ಹದವಾಗಿ ತುಂಡರಿಸಿ, ಎಲೆಗಳನ್ನು ಕಳಚಿ, ಬುಡವನ್ನು ಕೆದಕಿ, ಹಟ್ಟಿಗೊಬ್ಬರ, ನೆಲಗಡಲೆ ಹಿಂಡಿ, ಬೇವಿನ ಹಿಂಡಿ ಕೊಡಬೇಕು. ಎಲ್ಲ ಗಿಡಗಳನ್ನು ಒಂದೇ ದಿನ ಸವರದೆ ಎರಡು ಮೂರು ಕಂತುಗಳಲ್ಲಿ ಸವರುವ ಮನೆಗಳಲ್ಲಿ ಹೂವು ಒಮ್ಮೆಲೇ ಬಂದು ಮುಗಿಯದೆ ಹಂತಹಂತವಾಗಿ ದೊರೆಯುತ್ತದೆ. ಕೊಯ್ಯುವವರ ಬೆನ್ನಿಗೂ ಬಿಡುವು ಸಿಗುತ್ತದೆ. ಫಲ ಬಿಡದ ಅಂಜೂರದ ಮರಕ್ಕೆ ಇನ್ನೊಂದು ವರ್ಷದ ಅವಕಾಶ ಬೇಡಿದ ತೋಟಗಾರನ ದೃಷ್ಟಾಂತ ನಮಗೆಲ್ಲ ತಿಳಿದದ್ದೇ. ಆತ ಬರಿಯ ಕಾಲಾವಕಾಶವನ್ನು ಕೇಳಲಿಲ್ಲ. ಸುತ್ತಲೂ ಅಗೆದು ಗೊಬ್ಬರ ಹಾಕುವ ಭರವಸೆಯನ್ನೂ ಕೊಟ್ಟ. ತಾಳ್ಮೆಗೆ ಅರ್ಥ ಬರುವುದು ಅದರೊಡನೆ ದುಡಿಮೆ ಸೇರಿದಾಗ.

ಬೇಸಿಗೆಯ ಕಷ್ಟಗಳೇ ಬೇರೆ. ಮಾರ್ಚ್‌ನಿಂದ ಮೇ ತನಕ ಹೂವಿನ ಹಬ್ಬ. ಬಾವಿಯ ನೀರು ತಳ ಕಾಣುವುದೂ ಆಗಲೇ. ಬುಡಕ್ಕೆ ತರಗೆಲೆ ಹೊದಿಸಿದರೆ ಅದೇ ನೀರು ಹೆಚ್ಚು ದಿನ ನಿಲ್ಲುತ್ತದೆ. ಒಣ ಹವೆಯಲ್ಲಿ ನುಸಿಯ ಕಾಟ, ಮೊಗ್ಗು ಬಿಡುವಾಗ ಮೊಗ್ಗು ಕೊರೆಯುವ ಹುಳದ ಕಾಟ. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳುವುದು ಅನಿವಾರ್ಯ. ಕೀಟನಾಶಕಗಳನ್ನು ಸಿಂಪಡಿಸಿದ ಮೇಲೆ ಕೊಯ್ಲಿಗೆ ಕೆಲವು ದಿನ ಕಾಯಬೇಕೆಂಬುದು ಸಾಮಾನ್ಯ ನಿಯಮ. ಆದರೆ ಮಲ್ಲಿಗೆಯ ಕೊಯ್ಲು ಪ್ರತಿದಿನವೂ ನಡೆಯುತ್ತದೆ. ಹಾಗಿರುವಾಗ ಆ ಕಾಯುವ ದಿನಗಳು ಎಲ್ಲಿಂದ ಬರಬೇಕು? ನಿನ್ನೆ ಸಂಜೆ ವಿಷ ಸಿಂಪಡಿಸಿದ ಗಿಡಕ್ಕೆ ಇಂದು ಮುಂಜಾನೆ ಕೈ ಹಾಕುವವರು ನಮ್ಮ ಮನೆಯ ತಾಯಂದಿರು. ನಾರನ್ನು ಬಾಯಲ್ಲಿ ಹಿಡಿದು ಹೂ ಕಟ್ಟುವವರೂ ಉಂಟು. ಆ ಹೂವನ್ನು ಮುಡಿಯುವವರು ಪರರ ಮನೆಯ ಹೆಣ್ಣುಮಕ್ಕಳು. ಕೊರೆದ ಮೊಗ್ಗನ್ನು ಕೈಯಿಂದ ಆರಿಸಿ ನಾಶಪಡಿಸುವುದು, ಉದುರಿದ ಮೊಗ್ಗನ್ನು ಗಿಡದ ಬುಡದಲ್ಲಿ ಉಳಿಸದಿರುವುದು, ಬೇವಿನ ಎಣ್ಣೆಯ ದ್ರಾವಣ ಬಳಸುವುದು ಶ್ರಮದ ದಾರಿಗಳು, ನಿಜ. ವಿಷ ಅನಿವಾರ್ಯವೆನಿಸಿದರೆ ತೋಟಗಾರಿಕಾ ಇಲಾಖೆಯವರ ಅಥವಾ ಕೃಷಿ ವಿಜ್ಞಾನ ಕೇಂದ್ರದವರ ಸಲಹೆ ಪಡೆದು, ಹೇಳಿದಷ್ಟು ದಿನ ಆ ಸಾಲಿನ ಹೂವನ್ನು ಕೊಯ್ದು ಎಸೆಯುವ ಮನಸ್ಸಿರಬೇಕು. ಎಸೆದ ಹೂವಿನ ನಷ್ಟವನ್ನು ಲೆಕ್ಕಕ್ಕೆ ಹಿಡಿದರೆ ಕೈಯಿಂದ ಹುಳ ಆರಿಸುವುದೇ ಅಗ್ಗವೆಂದು ಅನೇಕರಿಗೆ ಮನವರಿಕೆಯಾದೀತು.

ಇನ್ನು ಲೆಕ್ಕದ ವಿಚಾರ. ನುರಿತ ಕೈ ನಿಮಿಷಕ್ಕೆ ಇಪ್ಪತ್ತು ಹೂವು ಕಟ್ಟುತ್ತದೆ ಎಂದು ಇಟ್ಟುಕೊಳ್ಳೋಣ. ಹಾಗಾದರೆ ಒಂದು ಚೆಂಡಿಗೆ 40 ನಿಮಿಷ. ಒಂದು ಅಟ್ಟೆಗೆ 160 ನಿಮಿಷ, ಅಂದರೆ 2 ಗಂಟೆ 40 ನಿಮಿಷ. ಇದು ಕಟ್ಟುವ ಹೊತ್ತು ಮಾತ್ರ. ಅದಕ್ಕಿಂತ ಮೊದಲು ನಸುಕಿನಲ್ಲಿ ಬಗ್ಗಿ ನಿಂತು 3200 ಮೊಗ್ಗುಗಳನ್ನು ಒಂದೊಂದಾಗಿ ಕೊಯ್ದದ್ದಿದೆ, ಬಾಳೆಯ ನಾರು ಸೀಳಿ ಹದಗೊಳಿಸಿದ್ದಿದೆ, ಸಂಜೆ ನೀರು ಹಾಕಿದ್ದಿದೆ. ಇವೆಲ್ಲದರ ನಡುವೆ ತಿಂಡಿ, ಅಡುಗೆ, ಮಕ್ಕಳನ್ನು ಶಾಲೆಗೆ ಕಳುಹಿಸುವ ಗಡಿಬಿಡಿ. ಹೂವಿಗೆ ಹೊತ್ತು ಕಾಯುವ ಗುಣವಿಲ್ಲ. ಮಾರುಕಟ್ಟೆಗೆ ಹೋಗುವ ಗಾಡಿಗೂ ಇಲ್ಲ. ಹೀಗೆ ದಿನದಲ್ಲಿ ಆರೇಳು ಗಂಟೆ ದುಡಿದ ಮನೆಯ ಹೆಂಗಸನ್ನು ಜನಗಣತಿಯವರು ಬಂದು ವಿಚಾರಿಸಿದರೆ 'ಏನೂ ಕೆಲಸವಿಲ್ಲ, ಮನೆಯಲ್ಲೇ ಇದ್ದಾಳೆ' ಎಂಬ ಉತ್ತರ ಬರುವ ಮನೆಗಳು ಇಂದಿಗೂ ಇವೆ. ಉತ್ತರಿಸುವವರು ಸುಳ್ಳು ಹೇಳುತ್ತಿಲ್ಲ. ಕೂಲಿ ಕೊಡದ ಕೆಲಸವನ್ನು ಕೆಲಸವೆಂದು ಎಣಿಸುವ ಅಭ್ಯಾಸ ಅವರಿಗಿಲ್ಲ, ಅಷ್ಟೇ.

ಅಭ್ಯಾಸವಿಲ್ಲದಿರುವುದಕ್ಕೆ ಕಾರಣಗಳಿವೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ; ಆದುದರಿಂದ ಲೆಕ್ಕ ಕೇಳುವವರಿಲ್ಲ. ಕೇಳುವವರಿಲ್ಲವೆಂದು ಬರೆಯುವವರೂ ಇಲ್ಲ. ಹೂವು ಕೊಂಡವರು ಕೊಟ್ಟ ಚೀಟಿಗಳು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಲ್ಪಟ್ಟು ವರ್ಷದ ಕೊನೆಗೆ ಕ್ಯಾಲೆಂಡರಿನೊಡನೆಯೇ ಹೋಗುತ್ತವೆ. ಹೀಗಾಗಿ ತೋಟ ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ಎಂದು ಮನೆಯ ಯಜಮಾನನಿಗೇ ತಿಳಿಯದು. ಮಲ್ಲಿಗೆಯ ದರವಾದರೋ ದಿನಕ್ಕೊಂದು. ಮದುವೆ, ನೇಮ, ಜಾತ್ರೆಗಳ ದಿನಗಳಲ್ಲಿ ಅಟ್ಟೆಗೆ ಸಾವಿರ ರೂಪಾಯಿ ದಾಟುವ ದರ ಶುಭಕಾರ್ಯಗಳಿಲ್ಲದ ದಿನಗಳಲ್ಲಿ ನೂರುಗಳಿಗೆ ಇಳಿಯುತ್ತದೆ. ಏರಿದ ದಿನದ ದರವನ್ನು ಮಾತ್ರ ನೆನಪಿನಲ್ಲಿಟ್ಟುಕೊಂಡು ಸಾಲ ಮಾಡಿದವರು ಇಳಿದ ದಿನಗಳಲ್ಲಿ ಕಂತು ಕಟ್ಟಲಾರದೆ ಬಳಲುತ್ತಾರೆ. 2020ರ ಮಾರ್ಚ್ ಕೊನೆಯಲ್ಲಿ ದೇಶವ್ಯಾಪಿ ಲಾಕ್‌ಡೌನ್ ಬಂದಾಗ ದೇವಸ್ಥಾನಗಳು ಮುಚ್ಚಿದವು, ಮದುವೆಗಳು ನಿಂತವು. ಹೂವು ಧಾರಾಳವಾಗಿ ಬಿಡುವ ಕಾಲವದು. ಮೊಗ್ಗು ಗಿಡದಲ್ಲಿಯೇ ಅರಳಿ ಉದುರಿತು. ಒಳ್ಳೆಯ ವರ್ಷದ ಗಳಿಕೆಯಲ್ಲಿ ಒಂದು ಪಾಲನ್ನು ತೆಗೆದಿಟ್ಟವರು, ಮಲ್ಲಿಗೆಯೊಡನೆ ನಾಲ್ಕು ತೆಂಗು, ಒಂದು ಹಸು, ಒಂದಿಷ್ಟು ತರಕಾರಿ ಇಟ್ಟುಕೊಂಡವರು ಆ ಬೇಸಿಗೆಯನ್ನು ಹೇಗೋ ದಾಟಿದರು. ಒಂದೇ ಬೆಳೆಯನ್ನು, ಒಂದೇ ಮಾರುಕಟ್ಟೆಯನ್ನು ನಂಬುವುದರ ಅಪಾಯಕ್ಕೆ ಇದಕ್ಕಿಂತ ಬೇರೆ ಪಾಠ ಬೇಡ.

ಲೆಕ್ಕವೆಂದರೆ ದೊಡ್ಡ ವಿದ್ಯೆಯೇನೂ ಅಲ್ಲ. ಇನ್ನೂರು ಪುಟದ ಒಂದು ನೋಟುಪುಸ್ತಕ ಸಾಕು. ದಿನಾಂಕ, ಕೊಟ್ಟ ಹೂವು, ಅಂದಿನ ದರ, ಕೈಗೆ ಬಂದ ಹಣ ಇಷ್ಟು ಒಂದು ಬದಿ. ಗೊಬ್ಬರ, ಹಿಂಡಿ, ವಿದ್ಯುತ್ತು, ಕೂಲಿ ಇನ್ನೊಂದು ಬದಿ. ಇವುಗಳ ಜೊತೆಗೆ ಮೂರನೆಯ ಒಂದು ಕಲಮು ಇರಲಿ: ಯಾರು ಎಷ್ಟು ಹೊತ್ತು ದುಡಿದರು. ಈ ಮೂರನೆಯ ಕಲಮನ್ನು ಒಂದು ತಿಂಗಳು ನಿಷ್ಠೆಯಿಂದ ತುಂಬಿದ ಮನೆಯಲ್ಲಿ ಮಾತಿನ ಧಾಟಿ ಬದಲಾಗದೆ ಇರದು. ತೋಟದ ಆದಾಯದಲ್ಲಿ ಒಂದು ನಿಶ್ಚಿತ ಭಾಗ ದುಡಿದವಳ ಹೆಸರಿನ ಬ್ಯಾಂಕ್ ಖಾತೆಗೆ ಹೋಗುವುದು ನ್ಯಾಯ. ಅದು ಉಡುಗೊರೆಯಲ್ಲ, ಗಂಡನ ಔದಾರ್ಯವೂ ಅಲ್ಲ.

ಒಂದೇ ಒಲೆಯ ಮೇಲೆ ಅನ್ನ ಬೇಯುವ ಮನೆಯಲ್ಲಿ 'ನನ್ನ ಪಾಲು, ನಿನ್ನ ಪಾಲು' ಎಂಬ ಲೆಕ್ಕವೇಕೆ, ಪ್ರೀತಿಗೆ ಇದು ಕುಂದಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಪ್ರಾಮಾಣಿಕವಾದುದು; ಉತ್ತರವೂ ಪ್ರಾಮಾಣಿಕವಾಗಿರಬೇಕು. ಲೆಕ್ಕವಿಲ್ಲದ ಪ್ರೀತಿಯ ಮಾತನ್ನು ಆಡುವವರು ಸಾಮಾನ್ಯವಾಗಿ ಹಣದ ಪೆಟ್ಟಿಗೆಯ ಕೀಲಿಕೈ ಇದ್ದವರೇ. ನ್ಯಾಯವೆಂದರೆ ಪ್ರತಿಯೊಬ್ಬನಿಗೂ ಅವನವನಿಗೆ ಸಲ್ಲಬೇಕಾದುದನ್ನು ಸಲ್ಲಿಸುವ ಸ್ಥಿರ ಸಂಕಲ್ಪ ಎಂಬುದು ಸಂತ ತೋಮಸ್ ಅಕ್ವಿನಾಸರು ಸ್ವೀಕರಿಸಿದ ಪುರಾತನ ವ್ಯಾಖ್ಯೆ. ಪ್ರೀತಿಯು ನ್ಯಾಯಕ್ಕಿಂತ ಹೆಚ್ಚಿನದನ್ನು ಕೊಡುತ್ತದೆ. ನ್ಯಾಯವಾಗಿ ಕೊಡಬೇಕಾದುದನ್ನೇ ಕೊಡದೆ ಪ್ರೀತಿಯ ಹೆಸರು ಹೇಳಲಾಗದು. ಎರಡನೆಯ ಜಾನ್ ಪಾವ್ಲ್ ಜಗದ್ಗುರುಗಳು 1981ರಲ್ಲಿ ದುಡಿಮೆಯ ಕುರಿತು ಹೊರಡಿಸಿದ 'ಲಬೋರೆಮ್ ಎಕ್ಸೆರ್ಚೆನ್ಸ್' ವಿಶ್ವಪತ್ರದಲ್ಲಿ ಬಂಡವಾಳಕ್ಕಿಂತ ದುಡಿಮೆಗೆ ಆದ್ಯತೆಯನ್ನೂ, ಮನೆಯಲ್ಲಿ ತಾಯಂದಿರ ದುಡಿಮೆಗೆ ಸಮಾಜವು ಮನ್ನಣೆ ನೀಡಬೇಕಾದ ಅಗತ್ಯವನ್ನೂ ಪ್ರತಿಪಾದಿಸಿದ್ದಾರೆ. ಆ ಬೋಧನೆ ಕಾರ್ಖಾನೆಗಳಿಗೆ ಮಾತ್ರವಲ್ಲ, ನಮ್ಮ ಅಂಗಳಕ್ಕೂ ಅನ್ವಯಿಸುತ್ತದೆ.

ಇದಕ್ಕಿಂತಲೂ ಗಂಭೀರವಾದ ವಿಷಯ ತೋಟದ ಒಡೆತನ. 1974ರ ಭೂಸುಧಾರಣೆಯ ಫಲವಾಗಿ ನಮ್ಮ ಅನೇಕ ಗೇಣಿದಾರ ಕುಟುಂಬಗಳಿಗೆ ಭೂಮಿ ದೊರೆಯಿತು. ಪಹಣಿಯಲ್ಲಿರುವುದು ಬಹುಮಟ್ಟಿಗೆ ಮನೆಯ ಹಿರಿಯ ಗಂಡಸಿನ ಹೆಸರು. ತೋಟವನ್ನು ಹದಿನೈದು ಇಪ್ಪತ್ತು ವರ್ಷ ಸಾಕಿದವಳು ಅನೇಕ ಕಡೆ ಆ ಮನೆಯ ಸೊಸೆ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಮರಣಶಾಸನ ಬರೆಯದೆ ತೀರಿಕೊಂಡವನ ಆಸ್ತಿಯಲ್ಲಿ ಮೂರರಲ್ಲೊಂದು ಪಾಲು ಹೆಂಡತಿಗೆ. ಉಳಿದ ಎರಡು ಪಾಲು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ. ಹೆಂಡತಿ ಮತ್ತು ಮೂವರು ಮಕ್ಕಳಿದ್ದರೆ ಪ್ರತಿಯೊಂದು ಮಗುವಿಗೆ ಒಂಬತ್ತರಲ್ಲಿ ಎರಡು ಪಾಲು. ಹೆಣ್ಣುಮಗಳ ಈ ಹಕ್ಕು ಮದುವೆಯಾದ ಮಾತ್ರಕ್ಕೆ ಅಳಿಯುವುದಿಲ್ಲ. ಆದರೆ ಸೊಸೆಯ ಸ್ಥಿತಿ ಬೇರೆ. ಗಂಡನು ಮಾವನಿಗಿಂತ ಮೊದಲೇ ತೀರಿಕೊಂಡರೆ ಆತನ ಪಾಲು ಆತನ ಮಕ್ಕಳಿಗೆ ಸಲ್ಲುತ್ತದೆ. ವಿಧವೆಯಾದ ಸೊಸೆಗೆ ಮಾವನ ಆಸ್ತಿಯಲ್ಲಿ ಈ ಕಾಯಿದೆ ಪಾಲು ಕೊಡುವುದಿಲ್ಲ. ಮಕ್ಕಳಿಲ್ಲದವಳಾದರೆ ತಾನು ನೀರೆರೆದ ಗಿಡದ ಒಂದು ಗೆಲ್ಲಿನ ಮೇಲೂ ಆಕೆಗೆ ಕಾನೂನಿನ ಹಕ್ಕಿಲ್ಲ. ಮುಂಬಯಿಯಿಂದಲೋ ಕೊಲ್ಲಿ ರಾಷ್ಟ್ರಗಳಿಂದಲೋ ಬಂದ ಪಾಲುದಾರರು ಜಾಗ ಮಾರಲು ನಿಶ್ಚಯಿಸಿದರೆ, ಆ ಮಾತುಕತೆಯಲ್ಲಿ ಆಕೆಗೆ ಕುರ್ಚಿಯೂ ಇರದು.

ಕಾನೂನು ಕೊಡದಿದ್ದುದನ್ನು ಕೊಡುವ ಸ್ವಾತಂತ್ರ್ಯ ಕಾನೂನೇ ಮನೆಯ ಹಿರಿಯರಿಗೆ ಕೊಟ್ಟಿದೆ. ಸ್ವಸ್ಥ ಮನಸ್ಸಿನಿಂದ ಬರೆದು, ಇಬ್ಬರು ಸಾಕ್ಷಿಗಳ ಸಹಿ ಪಡೆದ ಮರಣಶಾಸನಕ್ಕೆ ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳಿತು. ಬದುಕಿರುವಾಗಲೇ ನೋಂದಾಯಿತ ದಾನಪತ್ರದ ಮೂಲಕ ತೋಟದ ಭಾಗವನ್ನು ಸೊಸೆಯ ಹೆಸರಿಗೆ ಬರೆಯುವ ದಾರಿಯೂ ಇದೆ. ಭೂಸುಧಾರಣೆಯಲ್ಲಿ ಬಂದ ಜಾಗಕ್ಕೆ ಬೇರೆ ಹಕ್ಕುದಾರರಿರಬಹುದಾದ್ದರಿಂದ ಬಲ್ಲ ವಕೀಲರನ್ನು ವಿಚಾರಿಸಿಯೇ ಮುಂದುವರಿಯಬೇಕು. ಮರಣಶಾಸನದ ಮಾತೆತ್ತಿದರೆ ಅಪಶಕುನವೆಂದು ಬಗೆಯುವ ಹಿರಿಯರು ಇದ್ದಾರೆ. ಒಳ್ಳೆಯ ಮರಣಕ್ಕಾಗಿ ದಿನವೂ ಪ್ರಾರ್ಥಿಸುವ ನಮಗೆ ಅದರ ಸಿದ್ಧತೆಯ ಒಂದು ಕಾಗದ ಅಪಶಕುನ ಹೇಗಾದೀತು? ಮನೆಯ ಹಿರಿಯರು ಕಣ್ಣು ಮುಚ್ಚಿದ ಮೇಲೆ ಅಣ್ಣತಮ್ಮಂದಿರು ಒಂದೇ ಪೂಜೆಯಲ್ಲಿ ಬೇರೆ ಬೇರೆ ಬೆಂಚುಗಳನ್ನು ಹುಡುಕುವಂತಾಗುವುದು ನಿಜವಾದ ಅಪಶಕುನ.

ಮುಂದಿನ ತಲೆಮಾರು ತೋಟಕ್ಕೆ ಇಳಿಯುವುದಿಲ್ಲ ಎಂಬ ದೂರು ಎಲ್ಲೆಡೆ ಕೇಳಿಬರುತ್ತದೆ. ದೂರುವ ಮೊದಲು ಮಕ್ಕಳು ಏನನ್ನು ಕಂಡು ಬೆಳೆದರೆಂದು ಯೋಚಿಸಬೇಕು. ತಾಯಿ ನಸುಕಿನಿಂದ ದುಡಿದದ್ದನ್ನು ಅವರು ಕಂಡಿದ್ದಾರೆ; ಆ ದುಡಿಮೆಗೆ ಬೆಲೆ ಕಟ್ಟಿದ್ದನ್ನು ಕಂಡಿಲ್ಲ. ಬೆಲೆಯಿಲ್ಲದ ಕೆಲಸಕ್ಕೆ ಯಾವ ಬುದ್ಧಿವಂತ ಮಗ, ಮಗಳು ಮುಂದಾದಾರು? ಲೆಕ್ಕದ ಪುಸ್ತಕವನ್ನು ಹತ್ತನೆಯ ತರಗತಿಯ ಮಗಳ ಕೈಗೆ ಕೊಟ್ಟು ನೋಡಿ. ಯಾವ ತಿಂಗಳು ಯಾವ ಸಾಲಿನ ಗಿಡ ಎಷ್ಟು ಕೊಟ್ಟಿತು, ಯಾವ ಗೊಬ್ಬರದಿಂದ ಏನಾಯಿತು ಎಂದು ಅವಳೇ ಹೇಳತೊಡಗುತ್ತಾಳೆ. ಜಾಗವಿಲ್ಲದವರು ತಾರಸಿಯ ಮೇಲೆ ಕುಂಡಗಳಲ್ಲಿ ಮಲ್ಲಿಗೆ ಬೆಳೆಸುತ್ತಿರುವುದು, ವಿದೇಶದ ಕೆಲಸ ಮುಗಿಸಿ ಬಂದವರೂ ಇದರಲ್ಲಿ ಆಸಕ್ತಿ ತೋರುತ್ತಿರುವುದು ಆಶಾದಾಯಕ. ಬೇರೂರಿಸಿದ ಗಿಡಗಳನ್ನು ಮಾರುವುದೂ ಒಂದು ಆದಾಯವೇ.

ನೆರೆಹೊರೆಯ ಮಟ್ಟದಲ್ಲಿ ಮಾಡಬಹುದಾದುದೂ ಇದೆ. ಪ್ರತಿಯೊಂದು ವಾಳೆಯವರು ವರ್ಷದಲ್ಲಿ ಎರಡು ಬಾರಿ, ಮಳೆಗೆ ಮುನ್ನ ಒಮ್ಮೆ, ಸವರುವ ಕಾಲಕ್ಕೆ ಒಮ್ಮೆ, ಯಾವುದಾದರೊಂದು ತೋಟದಲ್ಲಿ ಸೇರಲಿ. ತೋಟಗಾರಿಕೆ ಬಲ್ಲವರನ್ನು ಕರೆಸಲಿ. ಒಂದು ದಿನ ವಕೀಲರನ್ನೂ ಕರೆಸಲಿ. ಕಾಯಿಲೆ ಬಿದ್ದ ಮನೆಯ ಹೂವನ್ನು ನೆರೆಯವರು ಸರದಿಯಂತೆ ಕೊಯ್ದು ಕಟ್ಟಿ ಕೊಡುವ ಏರ್ಪಾಡು ಆಗಲಿ. ಹೆರಿಗೆಯ, ಶಸ್ತ್ರಚಿಕಿತ್ಸೆಯ ದಿನಗಳಲ್ಲಿಯೂ ಗಿಡ ಮೊಗ್ಗು ಬಿಡುವುದನ್ನು ನಿಲ್ಲಿಸುವುದಿಲ್ಲ. ಮೊಂತಿ ಹಬ್ಬದಂದು ಮಕ್ಕಳು ಕನ್ಯಾಮಾತೆಗೆ ಹೂವು ಅರ್ಪಿಸುವುದನ್ನು ಸಂತೋಷದಿಂದ ನೋಡುವ ನಾವು, ವರ್ಷವಿಡೀ ಹೂವು ಬೆಳೆಸುವ ತಾಯಂದಿರ ಬೆರಳುಗಳನ್ನೂ ಒಮ್ಮೆ ನೋಡಬೇಕು.

ಈ ವಾರ ಕತ್ತರಿ ಹಿಡಿದು ತೋಟಕ್ಕೆ ಇಳಿಯುವ ಕುಟುಂಬಗಳಲ್ಲಿ ವಿನಂತಿ ಇಷ್ಟೇ. ಗಿಡದ ಒಣಗೆಲ್ಲುಗಳೊಡನೆ ಮನೆಯ ಕೆಲವು ಹಳೆಯ ರೂಢಿಗಳನ್ನೂ ಸವರಿ. ಒಂದು ನೋಟುಪುಸ್ತಕ ಕೊಂಡುಕೊಳ್ಳಿ. ದುಡಿದವಳ ಹೆಸರಿನಲ್ಲಿ ಒಂದು ಖಾತೆ ತೆರೆಯಿರಿ. ಹಿರಿಯರು ಒಂದು ಕಾಗದ ಬರೆಯಿರಿ. ಗೊಬ್ಬರ ಹಾಕುವ ಕೆಲಸದ ಹಾಗೆ ಇವಕ್ಕೂ ಕಾಲವಿದೆ, ಮತ್ತು ಆ ಕಾಲ ಕಾಯುತ್ತ ಕೂರುವುದಿಲ್ಲ.